ಪ್ರಶಸ್ತಿ ಶಿಕ್ಷಕರಿಗೆ ಬಂತು, ಪ್ರಯೋಗ ಶಾಲೆಯಲ್ಲಿ ಉಳಿಯಿತೇ?

ಸೆಪ್ಟೆಂಬರ್ 5 ಹತ್ತಿರವಾಗುತ್ತಿದ್ದಂತೆ ಮಂಗಳೂರು, ಉಡುಪಿಯ ಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿ ಉತ್ತಮ ಶಿಕ್ಷಕ ಪ್ರಶಸ್ತಿಗೆ ಆಯ್ಕೆಯಾದವರ ಭಾವಚಿತ್ರಗಳು ತುಂಬಿಕೊಳ್ಳುತ್ತವೆ. ಪ್ರತಿ ಹೆಸರಿನ ಕೆಳಗೆ ಗಣಿತ ಪ್ರಯೋಗಾಲಯ, ಶಾಲಾ ಕೈತೋಟ, ಮಳೆನೀರು ಕೊಯ್ಲು, ಗೋಡೆ ಪತ್ರಿಕೆ, ಮಕ್ಕಳ ಯಕ್ಷಗಾನ ತಂಡ ಎಂದು ಸಾಧನೆಯ ವಿವರ ಇರುತ್ತದೆ. ಅದೇ ಪುಟಗಳಲ್ಲಿ, ಕೆಲವೊಮ್ಮೆ ಅದೇ ವಾರದಲ್ಲಿ, ಮಕ್ಕಳಿಲ್ಲದೆ ಮುಚ್ಚುವ ಹಂತಕ್ಕೆ ಬಂದ ಕನ್ನಡ ಶಾಲೆಯ ಸುದ್ದಿಯೂ, ಖಾಯಂ ಶಿಕ್ಷಕರಿಲ್ಲದೆ ಅತಿಥಿ ಶಿಕ್ಷಕಿಯೊಬ್ಬರೇ ನಡೆಸುವ ಶಾಲೆಯ ಸುದ್ದಿಯೂ ಬರುತ್ತದೆ. ಇವೆರಡನ್ನೂ ಓದಿದವರಿಗೆ ಗೊಂದಲವಾಗುವುದು ಸಹಜ. ಇಷ್ಟೊಂದು ಹೊಸ ಪ್ರಯೋಗಗಳು ನಡೆಯುತ್ತಿದ್ದರೆ ಅವುಗಳ ಫಲ ಪಕ್ಕದ ಶಾಲೆಗೆ ಏಕೆ ತಲುಪುವುದಿಲ್ಲ? ಪ್ರಶಸ್ತಿ ಪಡೆದ ಶಿಕ್ಷಕರು ವರ್ಗವಾಗಿ ಹೋದ ಮೇಲೆ ಆ ಪ್ರಯೋಗಾಲಯ, ಆ ತೋಟ ಏನಾಗುತ್ತದೆ? ಉತ್ತಮ ಶಿಕ್ಷಕರನ್ನು ಇಲಾಖೆಯೇ ಗುರುತಿಸುವ ಬದಲು ಅವರೇ ಅರ್ಜಿ ಹಾಕಬೇಕಾದ ಪರಿಸ್ಥಿತಿ ಏಕೆ ಬಂತು?

ಈ ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳಿದರೆ ಸಿಗುವ ಉತ್ತರವೂ ಬಿಡಿಬಿಡಿಯಾಗಿಯೇ ಇರುತ್ತದೆ. ಕಾರಣಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಪ್ರಶಸ್ತಿಯ ನಿಯಮದಿಂದ ಆರಂಭಿಸಿ ತರಗತಿಯವರೆಗೆ ನೋಡಬೇಕಾಗುತ್ತದೆ.

ಅರ್ಜಿ ಹಾಕುವುದೇಕೆ?

ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿ ಆರಂಭವಾದದ್ದು 1958ರಲ್ಲಿ. ಸರ್ವಪಲ್ಲಿ ರಾಧಾಕೃಷ್ಣನ್ ಅವರ ಜನ್ಮದಿನವನ್ನು ಶಿಕ್ಷಕರ ದಿನವಾಗಿ ಆಚರಿಸುವ ರೂಢಿ ಬಂದದ್ದು 1962ರಿಂದ. ದೀರ್ಘಕಾಲದವರೆಗೆ ಈ ಪ್ರಶಸ್ತಿಗೆ ಹೆಸರುಗಳು ರಾಜ್ಯ ಸರಕಾರಗಳ ಶಿಫಾರಸಿನ ಮೂಲಕ ಹೋಗುತ್ತಿದ್ದವು ಮತ್ತು ಪ್ರತಿ ವರ್ಷ ಮುನ್ನೂರಕ್ಕೂ ಹೆಚ್ಚು ಮಂದಿ ಪುರಸ್ಕೃತರಾಗುತ್ತಿದ್ದರು. 2018ರಲ್ಲಿ ಕೇಂದ್ರ ಸರಕಾರ ನಿಯಮಗಳನ್ನು ಪೂರ್ತಿ ಬದಲಿಸಿತು. ಶಿಕ್ಷಕರು ಆನ್‌ಲೈನ್‌ನಲ್ಲಿ ತಾವೇ ಅರ್ಜಿ ಸಲ್ಲಿಸಬೇಕು; ಮೊದಲು ಜಿಲ್ಲಾ ಸಮಿತಿ, ನಂತರ ರಾಜ್ಯ ಸಮಿತಿ, ಕೊನೆಗೆ ಸ್ವತಂತ್ರ ರಾಷ್ಟ್ರೀಯ ತೀರ್ಪುಗಾರರ ಮಂಡಳಿ ಅದನ್ನು ಪರಿಶೀಲಿಸುತ್ತದೆ. ಆ ವರ್ಷ ಪ್ರಶಸ್ತಿಗಳ ಸಂಖ್ಯೆ 45ಕ್ಕೆ ಇಳಿಯಿತು. ಬೆಳ್ಳಿ ಪದಕ, ಪ್ರಮಾಣಪತ್ರ ಮತ್ತು 50,000 ರೂಪಾಯಿ ನಗದು ಈ ಪ್ರಶಸ್ತಿಯ ಭಾಗ.

ಬದಲಾವಣೆಯ ಉದ್ದೇಶ ಒಳ್ಳೆಯದೇ ಆಗಿತ್ತು. ಶಿಫಾರಸಿನ ಪದ್ಧತಿಯಲ್ಲಿ ಸೇವಾ ಹಿರಿತನಕ್ಕೂ ಕಚೇರಿಯ ಪರಿಚಯಕ್ಕೂ ಹೆಚ್ಚು ಬೆಲೆ ಸಿಗುತ್ತಿದೆ ಎಂಬ ದೂರು ಹಳೆಯದು. ದೂರದ ಹಳ್ಳಿಯ ಶಿಕ್ಷಕಿಯೊಬ್ಬರು ಯಾರ ಬಾಗಿಲನ್ನೂ ತಟ್ಟದೆ ತಮ್ಮ ಕೆಲಸವನ್ನು ದಿಲ್ಲಿಯ ಮಂಡಳಿಯ ಮುಂದಿಡಲು ಹೊಸ ಪದ್ಧತಿ ಅವಕಾಶ ಕೊಟ್ಟಿತು. ಒಟ್ಟು ನೂರು ಅಂಕಗಳಲ್ಲಿ ಬಹುಪಾಲನ್ನು ಬೋಧನೆಯಲ್ಲಿ ಮಾಡಿದ ಪ್ರಯೋಗ, ಮಕ್ಕಳ ಮೇಲೆ ಆದ ಪರಿಣಾಮ ಮತ್ತು ಸಮುದಾಯದ ಜೊತೆಗಿನ ಕೆಲಸಕ್ಕೆ ಮೀಸಲಿಟ್ಟದ್ದೂ ಸರಿಯಾದ ದಿಕ್ಕಿನ ಹೆಜ್ಜೆ.

ಆದರೆ ಅರ್ಜಿಯೊಂದಿಗೆ ದಾಖಲೆ, ವರದಿ, ಛಾಯಾಚಿತ್ರ, ವಿಡಿಯೋಗಳನ್ನು ಲಗತ್ತಿಸಬೇಕು. ಕಣ್ಣಿಗೆ ಕಾಣುವ ಕೆಲಸಕ್ಕೆ ಇದರಿಂದ ಮೇಲುಗೈ ಸಿಗುತ್ತದೆ. ಬಣ್ಣ ಬಳಿದ ಗೋಡೆ, ಮಾದರಿಗಳಿಂದ ತುಂಬಿದ ಕೊಠಡಿ, ಹಸಿರು ತೋಟ ಚಿತ್ರದಲ್ಲಿ ಚೆನ್ನಾಗಿ ಬರುತ್ತವೆ. ಮೂರನೇ ತರಗತಿಗೆ ಬಂದರೂ ಅಕ್ಷರ ಕೂಡಿಸಿ ಓದಲು ಬಾರದ ಮಗುವಿನ ಪಕ್ಕದಲ್ಲಿ ದಿನವೂ ಕುಳಿತು, ಆರು ತಿಂಗಳಲ್ಲಿ ಆ ಮಗು ಕತೆಪುಸ್ತಕ ಹಿಡಿಯುವಂತೆ ಮಾಡಿದ ಶಿಕ್ಷಕಿಯ ಕೆಲಸ ಯಾವ ಚಿತ್ರದಲ್ಲಿಯೂ ಬಾರದು. ನಿಯಮ ಬರೆದವರು ಇದನ್ನು ಬಯಸಿರಲಿಕ್ಕಿಲ್ಲ, ಆದರೂ ಪುರಾವೆಯ ರೂಪ ಹೀಗಿರುವಾಗ ಕೆಲಸವೂ ನಿಧಾನವಾಗಿ ಆ ರೂಪದ ಕಡೆಗೇ ಸರಿಯತೊಡಗುತ್ತದೆ.

ಪ್ರಶಸ್ತಿಯ ಮಾನದಂಡ ಯಾವುದು ಎಂಬ ಬಗ್ಗೆ ಕರಾವಳಿಯಲ್ಲಿ ಇನ್ನೊಂದು ಬಗೆಯ ಗೊಂದಲವೂ ಇದೆ. 2024ರಲ್ಲಿ ಕುಂದಾಪುರದ ಸರಕಾರಿ ಪದವಿಪೂರ್ವ ಕಾಲೇಜಿನ ಪ್ರಾಂಶುಪಾಲರಿಗೆ ಘೋಷಣೆಯಾಗಿದ್ದ ರಾಜ್ಯ ಪ್ರಶಸ್ತಿಯನ್ನು ಶಿಕ್ಷಕರ ದಿನದ ಹೊಸ್ತಿಲಲ್ಲಿ ತಡೆಹಿಡಿಯಲಾಯಿತು. 2022ರ ಹಿಜಾಬ್ ವಿವಾದದ ಸಂದರ್ಭದಲ್ಲಿ ಅವರ ನಡೆ ಆಕ್ಷೇಪಕ್ಕೆ ಕಾರಣವಾಗಿತ್ತು. ಪರ ಮತ್ತು ವಿರೋಧದ ಮಾತುಗಳು ಜೋರಾಗಿ ಕೇಳಿಬಂದ ಆ ದಿನಗಳಲ್ಲಿ ಬೋಧನೆ, ಕಲಿಕೆಯ ವಿಚಾರ ಬಹುತೇಕ ಬದಿಗೆ ಸರಿದಿತ್ತು. ಆಯ್ಕೆಯ ಕಾರಣಗಳನ್ನು ಮೊದಲೇ ಸಾರ್ವಜನಿಕರ ಮುಂದಿಡದ ಪದ್ಧತಿಯಲ್ಲಿ ಪ್ರಶಸ್ತಿ ಕೊಟ್ಟರೂ ಪ್ರಶ್ನೆ ಏಳುತ್ತದೆ, ತಡೆದರೂ ಏಳುತ್ತದೆ.

ಪ್ರಯೋಗದಿಂದ ಮಗುವಿಗೆ ಆಗುವುದೇನು?

ಬೆಳ್ತಂಗಡಿ ತಾಲೂಕಿನ ನಡ ಸರಕಾರಿ ಪ್ರೌಢಶಾಲೆಯ ಗಣಿತ ಶಿಕ್ಷಕ ಯಾಕೂಬ್ ಅವರಿಗೆ 2020ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಬಂದಾಗ ಹೆಚ್ಚು ಚರ್ಚೆಯಾದದ್ದು ಅವರು ರೂಪಿಸಿದ ಗಣಿತ ಪ್ರಯೋಗಾಲಯ. ಗ್ರಾಮೀಣ ಸರಕಾರಿ ಶಾಲೆಯೊಂದರ ತರಗತಿಯ ಕೆಲಸ ರಾಷ್ಟ್ರಮಟ್ಟದಲ್ಲಿ ಗುರುತಿಸಲ್ಪಟ್ಟದ್ದು ಜಿಲ್ಲೆಗೆ ಹೆಮ್ಮೆಯ ಸಂಗತಿ. ವಿಜ್ಞಾನಕ್ಕೆ ಪ್ರಯೋಗಾಲಯ ಬೇಕೆಂಬುದು ಎಲ್ಲರಿಗೂ ಗೊತ್ತು. ಗಣಿತಕ್ಕೆ ಏಕೆ ಎಂದು ಹಲವರು ಕೇಳುತ್ತಾರೆ.

ಎಂಟನೇ ತರಗತಿಯ ಮಗು ಎ ಮತ್ತು ಬಿ ಕೂಡಿಸಿ ವರ್ಗ ಮಾಡಿದರೆ ಎ ವರ್ಗ, ಬಿ ವರ್ಗ ಎರಡೇ ಬರುತ್ತವೆ ಎಂದು ಬರೆಯುವುದು ದೇಶದ ಯಾವ ಮೂಲೆಯಲ್ಲಾದರೂ ಕಾಣುವ ತಪ್ಪು. ಶಿಕ್ಷಕರು ಕೆಂಪು ಶಾಯಿಯಲ್ಲಿ ತಿದ್ದಿ, ಸೂತ್ರವನ್ನು ಹತ್ತು ಸಲ ಬರೆಸುತ್ತಾರೆ. ಪರೀಕ್ಷೆಯವರೆಗೆ ಅದು ನೆನಪಿನಲ್ಲಿರುತ್ತದೆ, ಮುಂದಿನ ವರ್ಷ ಅದೇ ತಪ್ಪು ಮತ್ತೆ ಬರುತ್ತದೆ. ಅದೇ ಮಗುವಿನ ಕೈಗೆ ರಟ್ಟು, ಕತ್ತರಿ ಕೊಟ್ಟು, ಒಂದು ಬದಿ ಎ ಮತ್ತು ಬಿ ಸೇರಿದಷ್ಟು ಉದ್ದವಿರುವ ಚೌಕವನ್ನು ಕತ್ತರಿಸಲು ಹೇಳಿದರೆ, ದೊಡ್ಡ ಚೌಕವೊಂದು, ಸಣ್ಣ ಚೌಕವೊಂದು ಸಿಕ್ಕಿದ ಮೇಲೂ ಎರಡು ಆಯತಗಳು ಮೇಜಿನ ಮೇಲೆ ಉಳಿದಿರುತ್ತವೆ. ಉಳಿದ ಆ ಎರಡು ತುಂಡುಗಳೇ ಸೂತ್ರದಲ್ಲಿ ಮಗು ಬಿಟ್ಟುಬಿಡುತ್ತಿದ್ದ ಎರಡು ಎಬಿ. ತಪ್ಪು ಎಲ್ಲಿತ್ತೆಂಬುದನ್ನು ಮಗು ತಾನೇ ಕಂಡುಕೊಳ್ಳುವುದರಿಂದ ಅದನ್ನು ಮರೆಯುವುದು ಕಷ್ಟ. ವೃತ್ತವನ್ನು ಹದಿನಾರು ತ್ರಿಜ್ಯಖಂಡಗಳಾಗಿ ಕತ್ತರಿಸಿ ಒಂದರ ಪಕ್ಕ ಒಂದನ್ನು ತಲೆಕೆಳಗಾಗಿ ಜೋಡಿಸಿದಾಗ ಹೆಚ್ಚುಕಡಿಮೆ ಆಯತವೇ ಮೂಡುವುದೂ ಹೀಗೆಯೇ. ವಿಸ್ತೀರ್ಣದ ಸೂತ್ರ ಎಲ್ಲಿಂದ ಬಂತೆಂದು ಅಲ್ಲಿ ಕಾಣುತ್ತದೆ. ಇದಕ್ಕೆ ಬೇಕಾಗುವ ಸಾಮಗ್ರಿಗೆ ಲಕ್ಷಗಟ್ಟಲೆ ಹಣ ಬೇಡ. ಬೇಕಾಗುವುದು ಒಂದು ಪಿರಿಯಡ್‌ಗಿಂತ ಹೆಚ್ಚಿನ ಸಮಯ, ಮತ್ತು ಯಾವ ತಪ್ಪಿಗೆ ಯಾವ ಮಾದರಿ ಮದ್ದು ಎಂದು ತಿಳಿದ ಶಿಕ್ಷಕರು.

ಮಳೆ ಅಳೆಯುವ ಯೋಜನೆಯೂ ಕರಾವಳಿಯ ಶಾಲೆಗಳಿಗೆ ಹೇಳಿ ಮಾಡಿಸಿದಂಥದು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಹಾಗಾದರೆ 100 ಚದರ ಮೀಟರ್ ಹಂಚಿನ ಮಾಡಿನ ಮೇಲೆ ಒಂದು ವರ್ಷದಲ್ಲಿ ಬೀಳುವುದು ಸುಮಾರು ನಾಲ್ಕು ಲಕ್ಷ ಲೀಟರ್. ಅಷ್ಟು ನೀರು ಬೀಳುವ ಊರಿನಲ್ಲಿಯೇ ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ಬತ್ತಿ ಟ್ಯಾಂಕರ್ ಕಾಯುವುದೇಕೆ ಎಂಬ ಪ್ರಶ್ನೆ ಲೆಕ್ಕ ಮಾಡಿದ ಮಕ್ಕಳಿಂದಲೇ ಬರುತ್ತದೆ. ಅಲ್ಲಿಂದ ಮುರಕಲ್ಲಿನ (ಜಂಬಿಟ್ಟಿಗೆಯ) ಗುಣ, ಇಂಗುಗುಂಡಿ, ಸಮುದ್ರಕ್ಕೆ ಹರಿದುಹೋಗುವ ತೋಡು ಎಲ್ಲವೂ ಪಾಠದೊಳಗೆ ಬರುತ್ತವೆ. ಪ್ರಯೋಗ ಹೀಗೆ ಒಂದು ವಿಷಯದಿಂದ ಇನ್ನೊಂದಕ್ಕೆ ದಾರಿ ತೆರೆದರೆ ಅದು ಬೋಧನೆ. ಇಂಗುಗುಂಡಿ ತೋಡಿ ಫಲಕ ಹಾಕಿ ಉದ್ಘಾಟಿಸಿ, ಲೆಕ್ಕವನ್ನು ಮಕ್ಕಳಿಂದ ಮಾಡಿಸದೇ ಹೋದರೆ ಅದು ಒಳ್ಳೆಯ ಸಿವಿಲ್ ಕೆಲಸವಷ್ಟೇ ಆಗುತ್ತದೆ. ಪ್ರಶಸ್ತಿಯ ಅರ್ಜಿಯಲ್ಲಿ ಎರಡೂ ಒಂದೇ ರೀತಿ ಕಾಣುವ ಸಾಧ್ಯತೆ ಇರುವುದೇ ಆತಂಕದ ವಿಷಯ.

ನಲಿ-ಕಲಿ ದೊಡ್ಡದಾದಾಗ

ಶಿಕ್ಷಕರ ಪ್ರಯೋಗವೊಂದು ರಾಜ್ಯದ ಪದ್ಧತಿಯಾದ ದೊಡ್ಡ ಉದಾಹರಣೆ ಕರ್ನಾಟಕದಲ್ಲಿಯೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲೂಕಿನ ಶಿಕ್ಷಕರು ಯುನಿಸೆಫ್ ನೆರವಿನೊಂದಿಗೆ ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಬೋಧನಾ ಕ್ರಮವನ್ನು ನೋಡಿ ಬಂದು, ತಮ್ಮ ತರಗತಿಗಳಿಗೆ ತಕ್ಕಂತೆ ಅದನ್ನು ಮರುರೂಪಿಸಿದರು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕೂರುವ ಸಣ್ಣ ಶಾಲೆಗಳಲ್ಲಿ ಪಠ್ಯಪುಸ್ತಕ ಹಿಡಿದು ಎಲ್ಲರಿಗೂ ಒಟ್ಟಿಗೆ ಪಾಠ ಮಾಡಲಾಗದು ಎಂಬ ಅನುಭವದಿಂದ ಅದು ಹುಟ್ಟಿತ್ತು. ಪಾಠದ ಹಂತಗಳನ್ನು ಕ್ರಮವಾಗಿ ತೋರಿಸುವ ಕಲಿಕಾ ಏಣಿ, ಮೈಲಿಗಲ್ಲುಗಳು, ಕಾರ್ಡುಗಳು, ಮಕ್ಕಳ ಕೈಗೆ ಎಟಕುವ ಕಪ್ಪುಹಲಗೆ, ತಲೆಯ ಮೇಲೆ ಮಕ್ಕಳ ಕೆಲಸವನ್ನು ತೂಗುಹಾಕುವ ಕಲಿಕಾ ಚಪ್ಪರ ಇವೆಲ್ಲ ಸೇರಿ ನಲಿ-ಕಲಿ ಆಯಿತು. ಮಗು ತನ್ನ ವೇಗದಲ್ಲಿ ಮುಂದೆ ಹೋಗುತ್ತದೆ; ನಾಲ್ಕು ದಿನ ಗೈರಾಗಿ ಬಂದರೂ ನಿಲ್ಲಿಸಿದ ಕಾರ್ಡಿನಿಂದಲೇ ಮುಂದುವರಿಯುತ್ತದೆ.

2009-10ರಲ್ಲಿ ಸರಕಾರ ಇದನ್ನು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಆರಂಭಿಕ ತರಗತಿಗಳಿಗೆ ವಿಸ್ತರಿಸಿತು. ಲಕ್ಷಾಂತರ ಮಕ್ಕಳಿಗೆ ಹೆದರಿಕೆಯಿಲ್ಲದ ಮೊದಲ ತರಗತಿ ಸಿಕ್ಕಿತು ಎಂಬುದನ್ನು ಅದರ ಟೀಕಾಕಾರರೂ ಅಲ್ಲಗಳೆಯಲಾರರು. ಆದರೆ ವಿಸ್ತರಣೆಯಲ್ಲಿ ಕಾರ್ಡುಗಳೂ ಮಕ್ಕಳ ಗುಂಪು ಸೂಚಿಸುವ ತಟ್ಟೆಗಳೂ ಪ್ರಗತಿ ನೋಟದ ನಮೂನೆಗಳೂ ಪ್ರಯಾಣ ಮಾಡಿದಷ್ಟು ಸುಲಭವಾಗಿ ಎಚ್.ಡಿ. ಕೋಟೆಯ ಶಿಕ್ಷಕರ ಆಲೋಚನೆ ಪ್ರಯಾಣ ಮಾಡಲಿಲ್ಲ. ಅಲ್ಲಿ ಶಿಕ್ಷಕರು ತಮ್ಮ ಮಕ್ಕಳ ಮಾತು, ಊರು, ಆಟಗಳನ್ನು ನೋಡಿ ಕಾರ್ಡುಗಳನ್ನು ಕಟ್ಟಿದ್ದರು. ಉಳಿದ ಕಡೆ ಅಚ್ಚಾಗಿ ಬಂದ ಕಾರ್ಡುಗಳನ್ನು ಬಳಸಬೇಕಾಯಿತು. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತನಾಡುವ ಕರಾವಳಿಯ ಮಗುವಿಗೆ ಮತ್ತು ಉತ್ತರ ಕರ್ನಾಟಕದಿಂದ ಕೆಲಸಕ್ಕೆಂದು ಬಂದ ಕಾರ್ಮಿಕರ ಮಗುವಿಗೆ ಒಂದೇ ಕಾರ್ಡು ಒಂದೇ ರೀತಿ ಕೆಲಸ ಮಾಡುವುದಿಲ್ಲ. ಅದನ್ನು ಬದಲಿಸುವ ಅಧಿಕಾರ ತಮಗಿದೆಯೇ ಎಂಬುದೇ ಅನೇಕ ಶಿಕ್ಷಕರಿಗೆ ಸ್ಪಷ್ಟವಿರಲಿಲ್ಲ. ಮೂರು ತರಗತಿಗಳ ಮಕ್ಕಳನ್ನು ಒಟ್ಟಿಗೆ ಕೂರಿಸುವುದನ್ನು ಕಂಡ ಪೋಷಕರು ಇದು ಶಿಕ್ಷಕರ ಕೊರತೆ ಮುಚ್ಚಿಕೊಳ್ಳುವ ಉಪಾಯವೆಂದು ಭಾವಿಸಿದರು. ಕೆಲವು ಕಡೆ ಅದು ನಿಜವೂ ಆಗಿತ್ತು.

ಪ್ರಯೋಗವೊಂದು ಹರಡಬೇಕಾದರೆ ಸಾಮಗ್ರಿಯ ಜೊತೆಗೆ ಅದನ್ನು ಬದಲಿಸಿಕೊಳ್ಳುವ ಸ್ವಾತಂತ್ರ್ಯವನ್ನೂ ಕೊಡಬೇಕು ಎಂಬುದು ಇದರಿಂದ ತಿಳಿಯುತ್ತದೆ. ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯ ಶಿಕ್ಷಕ ರಣಜಿತ್‌ಸಿಂಹ ಡಿಸಲೆ ಅವರ ಕ್ಯೂಆರ್ ಕೋಡ್ ಇದಕ್ಕೆ ಹೋಲಿಸಿದರೆ ಸಲೀಸಾಗಿ ಹರಡಿತು. ಪರಿತೇವಾಡಿಯ ಪುಟ್ಟ ಜಿಲ್ಲಾ ಪರಿಷತ್ ಶಾಲೆಯಲ್ಲಿ ಪಠ್ಯದ ಜೊತೆ ಧ್ವನಿ, ದೃಶ್ಯಗಳನ್ನು ಜೋಡಿಸಿದ ಅವರಿಗೆ 2020ರಲ್ಲಿ ಹತ್ತು ಲಕ್ಷ ಡಾಲರ್ ಮೊತ್ತದ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಅರ್ಧ ಹಣವನ್ನು ಅವರು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರೊಂದಿಗೆ ಹಂಚಿಕೊಂಡರು. ಪ್ರಶಸ್ತಿಗೂ ಮುಂಚೆಯೇ ಮಹಾರಾಷ್ಟ್ರ ಸರಕಾರ ತನ್ನ ಪಠ್ಯಪುಸ್ತಕಗಳಿಗೆ ಕೋಡ್ ಅಳವಡಿಸಿತ್ತು. ಮುದ್ರಣದಲ್ಲಿ ಸೇರಿಸಬಹುದಾದ ವಸ್ತುವಾದ್ದರಿಂದ ಅದು ಬೇಗ ಹರಡಿತು. ಆದರೆ ಡಿಸಲೆ ಅವರು ಮನೆಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಶಾಲೆಗೆ ಕರೆತಂದ ಕೆಲಸವನ್ನು ಯಾವ ಕೋಡ್‌ನಲ್ಲೂ ಅಚ್ಚು ಹಾಕಲಾಗದು.

ಇಲಾಖೆ, ಶಿಕ್ಷಕರು, ಪೋಷಕರು

ಇಲಾಖೆಯ ವಾದ ಸರಳವಾಗಿದೆ. ಪ್ರಶಸ್ತಿಯಿಂದ ಪ್ರೋತ್ಸಾಹ ಸಿಗುತ್ತದೆ, ಒಬ್ಬರನ್ನು ನೋಡಿ ಹತ್ತು ಮಂದಿ ಮುಂದೆ ಬರುತ್ತಾರೆ, ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಗಳಲ್ಲಿ ಒಳ್ಳೆಯ ಮಾದರಿಗಳು ಹಂಚಿಕೆಯಾಗುತ್ತವೆ. ಈ ವಾದದಲ್ಲಿ ಹುರುಳಿದೆ. ಸಮಾಜದ ಗೌರವ ಶಿಕ್ಷಕರಿಗೆ ಬೇಕು. ಸಂಬಳದಿಂದ ಮಾತ್ರ ಯಾರೂ ರವಿವಾರ ಶಾಲೆಗೆ ಬಂದು ತೋಟಕ್ಕೆ ನೀರು ಹಾಯಿಸುವುದಿಲ್ಲ.

ಶಿಕ್ಷಕರ ಸಂಘಟನೆಗಳು ಸಮಯದ ಪ್ರಶ್ನೆ ಎತ್ತುತ್ತವೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಜನಗಣತಿ, ಚುನಾವಣೆ ಮತ್ತು ವಿಪತ್ತು ಪರಿಹಾರ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಗಳಿಗೆ ಶಿಕ್ಷಕರನ್ನು ಬಳಸಬಾರದೆನ್ನುತ್ತದೆ. ಆದರೂ 2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಮನೆಮನೆಗೆ ಹೋಗಬೇಕಾಯಿತು. ಆ ಸಮೀಕ್ಷೆ ಮುಗಿಯದ್ದರಿಂದ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಇದಲ್ಲದೆ ಬಿಸಿಯೂಟದ ಲೆಕ್ಕ, ಮೊಟ್ಟೆ ಮತ್ತು ಬಾಳೆಹಣ್ಣಿನ ಲೆಕ್ಕ, ಶಾಲೆಯ ಅಂಕಿಅಂಶ ತುಂಬುವ ಯುಡೈಸ್ ಮಾಹಿತಿ, ಮಕ್ಕಳ ಪ್ರಗತಿ ದಾಖಲಿಸುವ ಎಸ್‌ಎಟಿಎಸ್ ನಮೂದು ದಿನನಿತ್ಯದವು. ಕರಾವಳಿಯಲ್ಲಿ ಮಳೆಗಾಲದ ರಜೆಗಳೂ ಸೇರಿಕೊಂಡಾಗ ಪಾಠ ಮುಗಿಸುವುದೇ ಓಟವಾಗುತ್ತದೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಸಭೆಗೆ ಹೋದರೆ ಇನ್ನೊಬ್ಬರ ಪಾಲಿಗೆ ಐದು ತರಗತಿಗಳು ಬೀಳುತ್ತವೆ. ಅಂಥ ಶಾಲೆಯಿಂದ ಪ್ರಯೋಗದ ವಿಡಿಯೋ ಬಾರದಿದ್ದರೆ ಅದನ್ನು ಉತ್ಸಾಹದ ಕೊರತೆ ಎನ್ನುವುದು ಅನ್ಯಾಯ.

ಪೋಷಕರ ನಿಲುವನ್ನು ಹಗುರವಾಗಿ ನೋಡಬಾರದು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಉಡುಪಿ ಶೇ 94ರೊಂದಿಗೆ ಮೊದಲ ಸ್ಥಾನದಲ್ಲಿಯೂ ದಕ್ಷಿಣ ಕನ್ನಡ ಶೇ 92.12ರೊಂದಿಗೆ ಎರಡನೆಯ ಸ್ಥಾನದಲ್ಲಿಯೂ ಇದ್ದವು. 2025ರಲ್ಲಿ ಸ್ಥಾನ ಅದಲುಬದಲಾಗಿ ದಕ್ಷಿಣ ಕನ್ನಡ ಶೇ 91.12, ಉಡುಪಿ ಶೇ 89.96 ಪಡೆದವು. ಈಗಿರುವ ಕ್ರಮವೇ ರಾಜ್ಯಕ್ಕೆ ಮೊದಲ ಸ್ಥಾನ ತರುತ್ತಿರುವಾಗ ಪ್ರಯೋಗದ ಅಗತ್ಯವೇನು ಎಂದು ಅವರು ಕೇಳುತ್ತಾರೆ. ಜೊತೆಗೆ, ಸರಕಾರಿ ಶಾಲೆಯಲ್ಲಿ ಅವರು ಮೊದಲು ಹುಡುಕುವುದು ಇಂಗ್ಲಿಷ್. 2019-20ರಲ್ಲಿ ಸರಕಾರ ಸಾವಿರ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗ ತೆರೆದದ್ದಕ್ಕೆ ಈ ಒತ್ತಡವೇ ಕಾರಣ. ಹತ್ತಾರು ಖಾಸಗಿ ಶಾಲೆಗಳ ಬಸ್ಸುಗಳು ಮನೆಯ ಮುಂದೆಯೇ ನಿಲ್ಲುವ ಜಿಲ್ಲೆಗಳಲ್ಲಿ ಪ್ರಶಸ್ತಿಯ ಫಲಕವೊಂದರಿಂದ ದಾಖಲಾತಿ ಏರುವುದಿಲ್ಲ.

ಆದರೂ ಉತ್ತೀರ್ಣ ಪ್ರಮಾಣದಿಂದ ಎಲ್ಲವೂ ತಿಳಿಯುವುದಿಲ್ಲ. ಹತ್ತನೇ ತರಗತಿಯ ಪರೀಕ್ಷೆ, ಅಲ್ಲಿಯವರೆಗೆ ಉಳಿದ ಮಕ್ಕಳು ಮೂರು ಗಂಟೆಯಲ್ಲಿ ಬರೆದದ್ದನ್ನು ಅಳೆಯುತ್ತದೆ. ಮೂರನೇ ತರಗತಿಯಲ್ಲಿ ಓದುವಿಕೆ ಕುಂಟಿದ ಮಗು ಒಂಬತ್ತನೇ ತರಗತಿಯವರೆಗೆ ಹೇಗೆ ಬಂತು, ಬೀಜಗಣಿತ ಅರ್ಥವಾಯಿತೇ ಅಥವಾ ಬಾಯಿಪಾಠವಾಯಿತೇ ಎಂಬುದು ಅಲ್ಲಿ ಕಾಣದು. ಪ್ರಯೋಗಗಳು ಬೇಕಾಗುವುದು ಕಾಣದ ಈ ಜಾಗದಲ್ಲಿ. ವಿಚಿತ್ರವೆಂದರೆ ಅವು ಮೊದಲು ನಿಲ್ಲುವುದೂ ಹತ್ತನೇ ತರಗತಿಯ ಹೊತ್ತಿಗೆ; ಜನವರಿ ಬಂದರೆ ಪ್ರಯೋಗಾಲಯದ ಕೊಠಡಿ ವಿಶೇಷ ತರಗತಿಗೆ ಹೋಗುತ್ತದೆ.

ಶಿಕ್ಷಕರು ಹೋದ ಮೇಲೆ

ಪ್ರಶಸ್ತಿ ವ್ಯಕ್ತಿಗೆ ಸಲ್ಲುತ್ತದೆ. ಆ ವ್ಯಕ್ತಿಯನ್ನು ಇಲಾಖೆ ಆನಂತರ ಸಂಪನ್ಮೂಲ ವ್ಯಕ್ತಿಯಾಗಿ ತರಬೇತಿಗಳಿಗೆ ಕರೆಯುತ್ತದೆ, ಸಮಿತಿಗಳಿಗೆ ನೇಮಿಸುತ್ತದೆ, ಕೆಲವೊಮ್ಮೆ ಕ್ಲಸ್ಟರ್, ಬ್ಲಾಕ್ ಮಟ್ಟದ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ, ಬಿಆರ್‌ಪಿ) ಹುದ್ದೆಗೆ ಅಥವಾ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ಗೆ ಕಳುಹಿಸುತ್ತದೆ. ಅವರ ಅನುಭವ ಹಲವರಿಗೆ ಸಿಗಲಿ ಎಂಬ ಉದ್ದೇಶದಿಂದಲೇ ಇದು ನಡೆಯುತ್ತದೆ, ಆದರೆ ಅವರ ತರಗತಿಯಲ್ಲಿ ಆ ದಿನಗಳಲ್ಲಿ ಪಾಠ ಮಾಡುವವರು ಬೇರೆ ಯಾರೋ ಅಥವಾ ಯಾರೂ ಅಲ್ಲ.

ಇನ್ನು ವರ್ಗಾವಣೆ. ಕರ್ನಾಟಕದಲ್ಲಿ ಶಿಕ್ಷಕರ ವರ್ಗಾವಣೆಗೆ 2007ರಿಂದ ಪ್ರತ್ಯೇಕ ಕಾನೂನಿದೆ. 2020ರಲ್ಲಿ ಹೊಸ ಕಾಯ್ದೆ ಬಂತು. ಕೌನ್ಸೆಲಿಂಗ್‌ನ ಲೆಕ್ಕಾಚಾರ ಸುತ್ತುವುದು ಸೇವಾವಧಿ, ಶಾಲೆ ಪಟ್ಟಣಕ್ಕೆ ಎಷ್ಟು ಹತ್ತಿರವಿದೆ ಎಂಬುದನ್ನು ಹೇಳುವ ಎ, ಬಿ, ಸಿ ವಲಯ, ಅನಾರೋಗ್ಯ, ಪತಿ-ಪತ್ನಿ ಪ್ರಕರಣದಂಥ ವೈಯಕ್ತಿಕ ಸಂಗತಿಗಳ ಸುತ್ತ. ಹಿಂದೆ ವಶೀಲಿಯಿಂದ ನಡೆಯುತ್ತಿದ್ದ ವರ್ಗಾವಣೆಗೆ ಹೋಲಿಸಿದರೆ ಇದು ಎಷ್ಟೋ ನ್ಯಾಯಯುತವಾದ ಕ್ರಮ. ಹೊರಜಿಲ್ಲೆಗಳಿಂದ ಬಂದು ಹತ್ತಾರು ವರ್ಷ ಕರಾವಳಿಯಲ್ಲಿ ದುಡಿದವರು ತಮ್ಮ ಊರಿನ ಕಡೆ ಹೋಗಬಯಸುವುದರಲ್ಲಿಯೂ ತಪ್ಪಿಲ್ಲ. ಕೊರತೆ ಇರುವುದು ಬೇರೆಡೆ: ಹೋಗುವವರು ಶಾಲೆಯಲ್ಲಿ ಆರಂಭಿಸಿದ ಕೆಲಸವನ್ನು ಯಾರು ಮುಂದುವರಿಸಬೇಕೆಂದು ಯಾರೂ ಕೇಳುವುದಿಲ್ಲ. ಚಾರ್ಜ್ ಹಸ್ತಾಂತರದಲ್ಲಿ ದಾಸ್ತಾನು ಪುಸ್ತಕ, ಕೀಲಿಕೈ, ನಗದು ಪುಸ್ತಕ ಕೈ ಬದಲಾಗುತ್ತವೆ. ಬೋಧನೆಯ ಕ್ರಮ ಆ ಪಟ್ಟಿಯಲ್ಲಿಲ್ಲ.

ಹೆಚ್ಚುವರಿ ಶಿಕ್ಷಕರ ಮರುಹಂಚಿಕೆಯೂ ಇದೇ ಪರಿಣಾಮ ಉಂಟುಮಾಡುತ್ತದೆ. ಕಿರಿಯ ಪ್ರಾಥಮಿಕದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂಬುದು ಶಿಕ್ಷಣ ಹಕ್ಕು ಕಾಯ್ದೆಯ ಅನುಪಾತ. ಮಕ್ಕಳ ಸಂಖ್ಯೆ ಇಳಿದರೆ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಪ್ರಯೋಗ ನಿಲ್ಲುತ್ತದೆ, ಅದು ನಿಂತ ಶಾಲೆಗೆ ಮಕ್ಕಳನ್ನು ಸೇರಿಸಲು ಪೋಷಕರು ಇನ್ನಷ್ಟು ಹಿಂಜರಿಯುತ್ತಾರೆ. ಕೊಠಡಿಗೆ ಬೀಗ ಬಿದ್ದ ಮೇಲೆ ನಮ್ಮ ಮಳೆಗಾಲದ ತೇವಕ್ಕೂ ಗೆದ್ದಲಿಗೂ ರಟ್ಟಿನ ಮಾದರಿಗಳು ಎರಡು ವರ್ಷವೂ ತಾಳುವುದಿಲ್ಲ. ಮಕ್ಕಳು ಯಂತ್ರ, ಉಪಕರಣಗಳೊಂದಿಗೆ ಪ್ರಯೋಗ ಮಾಡಲೆಂದು ಕೇಂದ್ರ ಸರಕಾರ ನೆರವು ಕೊಡುವ ಅಟಲ್ ಟಿಂಕರಿಂಗ್ ಲ್ಯಾಬ್‌ನಂಥ ದೊಡ್ಡ ಯೋಜನೆಗಳಿಗೂ ಇದು ಅನ್ವಯಿಸುತ್ತದೆ. ಅಲ್ಲಿ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ತ್ರೀಡಿ ಪ್ರಿಂಟರ್ ಇದೆ. ಅದನ್ನು ಬಳಸಲು ಕಲಿತ ಶಿಕ್ಷಕರು ಹೋದರೆ ಹೊದಿಕೆ ಹೊದಿಸಿದ ಯಂತ್ರ ಮಾತ್ರ ಉಳಿಯುತ್ತದೆ.

ಉಡುಪಿಯ ಯಕ್ಷಶಿಕ್ಷಣ ಏಕೆ ಉಳಿಯಿತು?

ವ್ಯಕ್ತಿ ಬದಲಾದರೂ ನಿಲ್ಲದ ಕೆಲಸವೊಂದು ನಮ್ಮ ನಡುವೆಯೇ ಇದೆ. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಒಂದೂವರೆ ದಶಕಕ್ಕೂ ಹೆಚ್ಚು ಕಾಲದಿಂದ ಪ್ರೌಢಶಾಲೆಗಳಲ್ಲಿ ಯಕ್ಷಗಾನ ಕಲಿಸುತ್ತಿದೆ. ಗುರುಗಳನ್ನು ಟ್ರಸ್ಟ್ ಕಳುಹಿಸುತ್ತದೆ. ಶಾಲೆ ಸಮಯ ಮತ್ತು ಜಾಗ ಕೊಡುತ್ತದೆ. ವರ್ಷಾಂತ್ಯದ ಹೊತ್ತಿಗೆ ಕಿಶೋರ ಯಕ್ಷಗಾನ ಸಂಭ್ರಮದಲ್ಲಿ ಮಕ್ಕಳು ವೇಷ ಕಟ್ಟಿ ರಂಗಕ್ಕೆ ಬರುತ್ತಾರೆ. ಹುಡುಗಿಯರೂ ದೊಡ್ಡ ಸಂಖ್ಯೆಯಲ್ಲಿ ಕುಣಿಯುತ್ತಾರೆ. ಮನೆಯಲ್ಲಿ ಕನ್ನಡವಾಡದ ಮಗು ತಾಳ ತಪ್ಪದೆ ಕುಣಿದು, ಕನ್ನಡದಲ್ಲಿ ಅರ್ಥಗಾರಿಕೆ (ಪಾತ್ರದ ಮಾತು) ಹೇಳಲು ಕಲಿಯುವುದರಲ್ಲಿ ಎಷ್ಟು ಭಾಷಾ ಬೋಧನೆ ಅಡಗಿದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇದು ಉಳಿಯಲು ಕಾರಣ ಯಾರೋ ಒಬ್ಬ ಶಿಕ್ಷಕರ ಅಸಾಧಾರಣ ಶಕ್ತಿಯಲ್ಲ. ಮುಖ್ಯ ಶಿಕ್ಷಕರು ವರ್ಗವಾದರೂ ಗುರುಗಳು ಬರುತ್ತಾರೆ, ಗುರುಗಳು ಬದಲಾದರೆ ಟ್ರಸ್ಟ್ ಇನ್ನೊಬ್ಬರನ್ನು ಕಳುಹಿಸುತ್ತದೆ, ಪ್ರದರ್ಶನದ ದಿನ ಮೊದಲೇ ಗೊತ್ತಿರುವುದರಿಂದ ಕಲಿಕೆಗೆ ಗುರಿಯಿದೆ, ನೋಡಲು ಊರೇ ಬರುವುದರಿಂದ ಉತ್ತರದಾಯಿತ್ವವೂ ಇದೆ. ಕಲೆಗೆ ಇಲ್ಲಿರುವ ಅಭಿಮಾನ ಗಣಿತಕ್ಕೆ ಸಿಗದು ಎಂಬ ಮಾತು ನಿಜ. ಆದರೆ ಹೊರಗಿನ ಆಸರೆ, ನಿಶ್ಚಿತ ವೇಳಾಪಟ್ಟಿ, ಮಕ್ಕಳ ಕೆಲಸವನ್ನು ಊರಿಗೆ ತೋರಿಸುವ ದಿನ ಇವು ಮೂರೂ ಗಣಿತ ಪ್ರಯೋಗಾಲಯಕ್ಕೂ ಮಳೆಮಾಪನಕ್ಕೂ ಸಾಧ್ಯ.

ಪುತ್ತೂರಿನಲ್ಲಿ ಶಿವರಾಮ ಕಾರಂತರು ಕಟ್ಟಿದ ಬಾಲವನದ ಕತೆ ಇದಕ್ಕೆ ವ್ಯತಿರಿಕ್ತ. ಮಕ್ಕಳು ಸ್ವತಂತ್ರವಾಗಿ ಕಲಿಯಬೇಕೆಂಬ ಅವರ ಪ್ರಯೋಗಗಳು ಕಾಲಕ್ಕಿಂತ ಮುಂದಿದ್ದವು; ಇಂದು ಅದು ಕಾರಂತರ ನೆನಪನ್ನು ಕಾಯುವ ಜಾಗ. ಅಂಥ ಮೇಧಾವಿಯ ಪ್ರಯೋಗವೂ ಸುತ್ತಲಿನ ಶಾಲೆಗಳ ದಿನಚರಿಯಾಗಲಿಲ್ಲ ಎಂದ ಮೇಲೆ, ಇಬ್ಬರೇ ಇರುವ ಶಾಲೆಯ ಶಿಕ್ಷಕಿಯೊಬ್ಬರೇ ಅದನ್ನು ಸಾಧಿಸಲಿ ಎಂದು ಬಯಸುವುದು ಸರಿಯಲ್ಲ.

ನಿಯಮದಲ್ಲಿ ಬದಲಾಗಬೇಕಾದದ್ದು

ಪ್ರಶಸ್ತಿಗಳನ್ನು ನಿಲ್ಲಿಸಬೇಕು ಎಂದು ಹೇಳುವವರಿದ್ದಾರೆ. ಅದರಿಂದ ದುಡಿಯುವವರ ಹುರುಪು ಕುಗ್ಗುತ್ತದೆಯೇ ಹೊರತು ಯಾವ ಶಾಲೆಗೂ ಲಾಭವಿಲ್ಲ. ಬದಲಾಗಬೇಕಾದದ್ದು ಆಯ್ಕೆಯ ಹೊತ್ತಿನಲ್ಲಿ ಕೇಳುವ ಪ್ರಶ್ನೆ. ಈ ಕೆಲಸವನ್ನು ಶಾಲೆಯಲ್ಲಿ ಇನ್ನೊಬ್ಬ ಶಿಕ್ಷಕರು ಮಾಡಬಲ್ಲರೇ, ಪಕ್ಕದ ಒಂದು ಶಾಲೆಯಾದರೂ ಅದನ್ನು ತೆಗೆದುಕೊಂಡಿದೆಯೇ ಎಂಬುದಕ್ಕೆ ಅಂಕಗಳಿದ್ದರೆ ಅರ್ಜಿದಾರರು ಸಹೋದ್ಯೋಗಿಯನ್ನು ಜೊತೆಗೆ ಸೇರಿಸಿಕೊಳ್ಳುತ್ತಾರೆ. ಒಬ್ಬರೇ ಮಾಡಿದರೆ ಹೆಚ್ಚು ಹೆಸರು ಎಂಬ ಈಗಿನ ಸ್ಥಿತಿ ತಿರುಗುತ್ತದೆ. ಛಾಯಾಚಿತ್ರಗಳ ಬದಲಿಗೆ ಮಕ್ಕಳ ಬರವಣಿಗೆಯ ಪುಸ್ತಕಗಳನ್ನು ಜೂನ್ ತಿಂಗಳಲ್ಲಿ ಒಮ್ಮೆ, ಮಾರ್ಚ್ ತಿಂಗಳಲ್ಲಿ ಒಮ್ಮೆ ನೋಡಿದರೆ ಕಲಿಕೆಯ ಗತಿ ತಿಳಿಯುತ್ತದೆ. ಆಗ ಓದು ಕಲಿಸಿದ ಶಿಕ್ಷಕಿಯೂ ಸ್ಪರ್ಧೆಯಲ್ಲಿ ಉಳಿಯುತ್ತಾರೆ.

ಪ್ರಶಸ್ತಿ ಬಂದು ಮೂರು ವರ್ಷಗಳ ನಂತರ ಆ ಶಾಲೆಗೆ ಹೋಗಿ ನೋಡುವ ಕೆಲಸವನ್ನು ಮಂಗಳೂರು ಮತ್ತು ಉಡುಪಿಯ ಡಯಟ್‌ಗಳು ಮಾಡಬಹುದು. ತರಗತಿಯ ಸಮಸ್ಯೆಗಳನ್ನೇ ಅಧ್ಯಯನ ಮಾಡುವ ಕ್ರಿಯಾ ಸಂಶೋಧನೆ ಅವುಗಳ ಹೊಣೆಯೊಳಗೇ ಬರುತ್ತದೆ. ಶಿಕ್ಷಕರು ವರ್ಗವಾಗಿದ್ದರೆ ಕೆಲಸ ಮುಂದುವರಿಯಿತೇ, ನಿಂತಿದ್ದರೆ ಏಕೆ ನಿಂತಿತು ಎಂದು ಬರೆದಿಟ್ಟರೆ ಮುಂದಿನ ಆಯ್ಕೆಗೆ ಅದಕ್ಕಿಂತ ದೊಡ್ಡ ಆಧಾರ ಬೇರೆ ಬೇಡ. ಇದಕ್ಕೆ ಖರ್ಚು ಹೆಚ್ಚಿಲ್ಲ. ವಾಹನ ಭತ್ಯೆ ಮತ್ತು ನಿಜ ಬರೆಯುವ ಅನುಮತಿ ಬೇಕು.

ಹಣದ ವಿಷಯದಲ್ಲಿಯೂ ಆಲೋಚಿಸಬೇಕಾದದ್ದಿದೆ. ಹರೇಕಳ ನ್ಯೂಪಡ್ಪುವಿನ ಹಾಜಬ್ಬ ಶಿಕ್ಷಕರಲ್ಲ, ಕಿತ್ತಳೆ ಮಾರಿ ಊರಿಗೆ ಶಾಲೆ ತಂದವರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಗುವ ಮುಂಚೆ ತಮಗೆ ಬಂದ ಪುರಸ್ಕಾರಗಳ ಹಣವನ್ನು ಶಾಲೆಗೇ ಹಾಕಿದರು. ಎಲ್ಲ ಶಿಕ್ಷಕರಿಂದಲೂ ಇಂಥ ತ್ಯಾಗ ಬಯಸಬಾರದು, ನಗದು ಅವರ ದುಡಿಮೆಗೆ ಸಂದ ಗೌರವ. ಆದರೆ ಪ್ರಶಸ್ತಿಯ ಜೊತೆಗೆ ಪ್ರಯೋಗ ನಡೆದ ಶಾಲೆಗೂ ಪ್ರತ್ಯೇಕ ಮೊತ್ತವನ್ನು, ಮೂರು ವರ್ಷ ಕಂತಿನಲ್ಲಿ, ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅಂದರೆ ಎಸ್‌ಡಿಎಂಸಿ ಮೂಲಕ ಕೊಡಲು ಸರಕಾರಕ್ಕೆ ಸಾಧ್ಯವಿದೆ. ಹಳೆ ವಿದ್ಯಾರ್ಥಿ ಸಂಘಗಳು ಕರಾವಳಿಯಲ್ಲಿ ರಂಗಮಂದಿರಕ್ಕೂ ಬಸ್ಸಿಗೂ ಗೌರವ ಶಿಕ್ಷಕಿಯ ಸಂಬಳಕ್ಕೂ ಹಣ ಕೂಡಿಸುತ್ತವೆ. ಪ್ರಯೋಗಾಲಯವನ್ನು ವಾರಕ್ಕೆ ಎರಡು ದಿನ ತೆರೆದಿಡುವ ಒಬ್ಬ ಪದವೀಧರೆಗೆ ಸಂಭಾವನೆ ಕೊಡುವುದು ಅವುಗಳ ಶಕ್ತಿ ಮೀರಿದ ಮಾತಲ್ಲ.

ಇಲಾಖೆಯ ನಿಯಮ ಬದಲಾಗಲು ಸಮಯ ಹಿಡಿಯುತ್ತದೆ. ಶಾಲೆಯ ಮಟ್ಟದಲ್ಲಿ ಮಾಡಬಹುದಾದದ್ದಕ್ಕೆ ಕಾಯಬೇಕಿಲ್ಲ. ಜೂನ್‌ನಲ್ಲಿ ಶಾಲೆ ಆರಂಭವಾದಾಗ ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರು ಎರಡು ವಿಷಯ ಕೇಳಬಹುದು: ಕಳೆದ ವರ್ಷ ಪ್ರಶಸ್ತಿ ತಂದುಕೊಟ್ಟ ಪ್ರಯೋಗಕ್ಕೆ ಈ ವರ್ಷದ ವೇಳಾಪಟ್ಟಿಯಲ್ಲಿ ಯಾವ ಪಿರಿಯಡ್ ಇದೆ, ಮತ್ತು ಅದನ್ನು ನಡೆಸಲು ಎರಡನೆಯ ಶಿಕ್ಷಕರಾಗಿ ಯಾರ ಹೆಸರಿದೆ. ಆ ಹೆಸರು ಮತ್ತು ಆ ಪಿರಿಯಡ್ ಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಾದರೆ, ವರ್ಗಾವಣೆಯ ಪಟ್ಟಿ ಬಂದಾಗ ಹಸ್ತಾಂತರಿಸಬೇಕಾದದ್ದು ಏನೆಂದು ಶಾಲೆಗೂ ತಿಳಿದಿರುತ್ತದೆ, ಕ್ಷೇತ್ರ ಶಿಕ್ಷಣಾಧಿಕಾರಿಗೂ ತಿಳಿದಿರುತ್ತದೆ.